ಕಟ್ಟೆಯ ಆಚೆಯ ಬಿಲಗಳು

ಪಾಠದ ನಡುವೆ ಮನಸ್ಸಿಗೆ ಪ್ರಶ್ನೆ ಬಂದರೆ ವಾರಿಜೆ ಕೆಮ್ಮುವಳು. ಕೆಮ್ಮಿದರೆ ಬಾಯಿಗೆ ಬಂದ ಮಾತು ಹಿಂದಕ್ಕೆ ಹೋಗುತ್ತದೆ ಎಂಬುದು ಅವಳ ಅನುಭವ. ನಾಲ್ಕು ವರ್ಷ ಹೀಗೇ ಕೆಮ್ಮಿಕೊಂಡು ಕಲಿತಳು. ಒಂದು ಬೆಳಿಗ್ಗೆ ಬಟ್ಟೆಯ ಗಂಟು ಹಿಡಿದು ಗುರು ನಿರ್ವಾಣಯ್ಯನವರ ಮುಂದೆ ನಿಂತಳು.

"ಅಯ್ಯಾ, ಒಂದು ಮಾತು ಕೇಳಿ ಹೊರಟುಬಿಡುತ್ತೇನೆ. ನೀವು ಏನು ಹೇಳಿದರೂ ನನ್ನೊಳಗೆ ಒಂದು ಸಂಶಯ ಏಳುತ್ತದೆ. ಅದನ್ನು ಮುಚ್ಚಿದರೆ ಪಕ್ಕದಲ್ಲಿ ಇನ್ನೆರಡು. ಇಷ್ಟು ಸಂಶಯದವಳು ಶಿಷ್ಯೆ ಹೇಗಾದಾಳು?"

"ಹೋಗುವುದಾದರೆ ಹೋಗು. ಬಿಸಿಲು ಏರುವ ಮೊದಲು ಒಂದು ಕತೆ ಕೇಳು," ಎಂದರು ಗುರುಗಳು.

ಹೊಳೆ ಸಮುದ್ರ ಸೇರುವಲ್ಲಿ ಒಬ್ಬ ರೈತನಿದ್ದ. ಉಬ್ಬರದ ಉಪ್ಪುನೀರು ಗದ್ದೆಗೆ ನುಗ್ಗದಂತೆ ಮಣ್ಣಿನ ಕಟ್ಟೆ ಹಾಕಿದ್ದ. ಕಟ್ಟೆಯ ಆಚೆ ಕೆಸರಿನಲ್ಲಿ, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಮರಗಳ ಕಾಡು. ನೀರಿನ ಅಂಚಿಗೆ ಮರಗಾಲು ಕಟ್ಟಿದಂತೆ ಬೇರೂರಿ ನಿಂತ ಮರಗಳು. ಅವುಗಳ ಹಿಂದೆ, ಬೇರನ್ನು ಬೆರಳಿನ ಹಾಗೆ ಕೆಸರಿನಿಂದ ಮೇಲೆತ್ತಿದವು. ಕಟ್ಟೆಯ ಬುಡಕ್ಕೆ, ಹಾಲು ಸಿಡಿದರೆ ಕಣ್ಣು ಉರಿಸುವವು. ಅಲೆಯ ಹೊಡೆತವನ್ನು ಒಂದೊಂದು ಜಾತಿ ಒಂದಿಷ್ಟು ತಿಂದು, ಕಟ್ಟೆಗೆ ಬರೀ ನೊರೆ ಕಳಿಸುತ್ತಿತ್ತು.

ಆ ಕಡೆಯವರಲ್ಲಿ ಒಂದು ರೂಢಿ. ಮಳೆಗೆ ಮೊದಲು ಕಟ್ಟೆಯ ಉದ್ದಕ್ಕೂ ನಡೆದು, ಏಡಿಯ ಬಿಲಗಳನ್ನು ಹುಡುಕಿ, ಮಣ್ಣು ತುಂಬಿ ಹಿಮ್ಮಡಿಯಿಂದ ತುಳಿಯಬೇಕು. ಒಂದು ಬಿಲ ಉಳಿದರೂ ಉಪ್ಪುನೀರು ಅದರಲ್ಲೇ ದಾರಿ ಮಾಡಿಕೊಂಡು ವರ್ಷದ ಅನ್ನ ಸುಡುತ್ತದೆ. ಈ ಕೆಲಸದಲ್ಲಿ ಆ ರೈತನದು ಎತ್ತಿದ ಕೈ.

ಒಂದು ವರ್ಷ ಕೆಲಸ ಬೇಗ ಮುಗಿಯಿತು. ಅವನು ಕಟ್ಟೆಯ ಮೇಲೆ ನಿಂತು ಕಾಡಿನ ಕಡೆ ನೋಡಿದ. ಮರಗಳ ಅಡಿಯೆಲ್ಲ ಬಿಲಗಳು. ಕಳ್ಳರು ಅಂಗಳದಲ್ಲೇ ಮನೆ ಮಾಡಿದ್ದಾರೆ ಅನಿಸಿತು. ಇಳಿತವಾದಾಗಲೆಲ್ಲ ಕೆಸರಿಗಿಳಿದು ಏಡಿ ಹಿಡಿದ, ಬಿಲ ಮುಚ್ಚಿದ.

ಅಲ್ಲೇ ಚಿಪ್ಪಿ ಆರಿಸುತ್ತಿದ್ದ ಹೆಂಗಸು ನಕ್ಕಳು. "ಎಂತ ಗೌಡ್ರೇ, ಹೊಳೆಗೂ ತೇಪೆ ಹಾಕ್ತೀರಾ?"

"ತೂತು ತೂತೇ. ಕಟ್ಟೆದಾದ್ರೇನು, ಕಾಡಿಂದಾದ್ರೇನು?"

ಎರಡು ವರ್ಷ ಕಳೆಯಿತು. ಮರಗಳು ಎಲೆ ಉದುರಿಸಿದವು. ಮೇಲೆತ್ತಿದ ಬೆರಳುಗಳು ಕೊಳೆತವು. ಅಲೆ ನೇರ ಬಂದು ಕಟ್ಟೆಗೆ ಬಡಿಯತೊಡಗಿತು. ದಿನಕ್ಕೊಂದು ಗೇಣು ಮಣ್ಣು ಕುಸಿಯಿತು. ಇನ್ನೊಂದು ಮಳೆಗಾಲದ ಉಬ್ಬರ ಬಂದರೆ ಗದ್ದೆ ಹೋಯಿತು ಎಂದು ರೈತನಿಗೆ ಗೊತ್ತಾಯಿತು. ಅವನು ಆ ಹೆಂಗಸನ್ನೇ ಹುಡುಕಿಕೊಂಡು ಹೋದ.

"ನನ್ನ ಕಟ್ಟೇಲಿ ಒಂದು ತೂತಿಲ್ಲ ಮಾರಾಯ್ತಿ. ಆದರೂ ಬೀಳ್ತಾ ಇದೆ."

ಅವಳು ಬಂದು ಮರಗಳ ಅಡಿಗೆ ಮೊಣಕೈವರೆಗೆ ಕೈ ಹಾಕಿ, ಒಂದು ಹಿಡಿ ಕೆಸರು ತೆಗೆದು ಅವನ ಮೂಗಿಗೆ ಹಿಡಿದಳು. ಕಪ್ಪು ಕೆಸರು. ಕೊಳೆತ ಮೊಟ್ಟೆಯ ನಾತ.

"ಕೆಸರಿಗೆ ಉಸಿರು ಬೇಡ್ವಾ? ಏಡಿ ತೋಡಿದ ದಾರೀಲೇ ನೀರು ಇಳಿಯೋದು, ಗಾಳಿ ಹೋಗೋದು. ನೀವು ಮೂಗು ಹಿಡಿದು ಕೂತಿದ್ದೀರಿ."

"ಈಗ ಏನು ಮಾಡ್ಲಿ?"

"ಏನೂ ಮಾಡ್ಬೇಡಿ. ನಿಮಗೆ ಅದೇ ಕಷ್ಟ."

ನಿಜವಾಗಿಯೂ ಕಷ್ಟವಾಯಿತು. ಆ ಮಳೆಗಾಲವಿಡೀ ಅವನು ಬುಟ್ಟಿಯಲ್ಲಿ ಮಣ್ಣು ಹೊತ್ತು, ಕುಸಿದ ಕಟ್ಟೆಯನ್ನು ದಿನವೂ ಕಟ್ಟಿದ. ಕೆಳಗೆ ಮಾತ್ರ ಇಳಿಯಲಿಲ್ಲ. ಕಟ್ಟೆ ಹೇಗೋ ನಿಂತಿತು. ಮಳೆ ಹಿಂದಾಗುವ ಹೊತ್ತಿಗೆ ಪಕ್ಕದ ಕಾಡಿನ ಏಡಿಗಳು ಯಾರೂ ಕರೆಯದೆ ಬಂದವು. ಮಾರನೆಯ ವರ್ಷ ಕೊಂಬೆಗಳು ಚಿಗುರಿದವು. ಅದರ ಮಾರನೆಯ ವರ್ಷ, ತಾಯಿಮರದ ಮೇಲೆಯೇ ಮೊಳೆತ ಕೋಡುಗಳು ಕಳಚಿ ಬಿದ್ದು, ಕೆಸರಿನಲ್ಲಿ ನೆಟ್ಟಗೆ ನಿಂತವು. ರೈತ ಕಟ್ಟೆಯ ಮೇಲೆ ಕೂತು, ಒಬ್ಬನೇ, ಗಟ್ಟಿಯಾಗಿ ನಕ್ಕ. ಕಟ್ಟೆಯ ಬಿಲಗಳನ್ನು ಅವನು ಮುಂದೆಯೂ ಪ್ರತಿವರ್ಷ ಮುಚ್ಚಿದ. ಕಟ್ಟೆಯ ಆಚೆಯವನ್ನು ಮುಟ್ಟಲಿಲ್ಲ.

ಕತೆ ಮುಗಿಯಿತು. ವಾರಿಜೆ ಉದ್ದಕ್ಕೆ ಉಸಿರು ಬಿಟ್ಟಳು. ನಾಲ್ಕು ವರ್ಷದಿಂದ ಬಿಗಿದಿದ್ದ ಹೆಗಲು ಇಳಿಯಿತು.

"ಹಾಗಾದರೆ ನಾನು ಇರಬಹುದೇ ಅಯ್ಯಾ? ಇನ್ನು ಮೇಲೆ ಎಲ್ಲವನ್ನೂ ಕೇಳುತ್ತೇನೆ."

ಗುರುಗಳು ಹೇಳಿದರು: "ಹಾಗಾದರೆ ನನ್ನ ಮೇಲೆಯೇ ನಿನಗಿರುವ ಸಂಶಯವನ್ನು ಮೊದಲು ಹೇಳು, ತಾಯೀ."

ವಾರಿಜೆ ಕೆಮ್ಮಿದಳು.