ಕಂಪನಮಾಪಕದ ಕಾಲಡಿಯ ಏಡಿ

ಸಮುದ್ರತಳದ ಕೆಸರಿನ ಮೇಲೆ ಒಂದು ಕಂಪನಮಾಪಕ ಕುಳಿತಿತ್ತು. ದೂರದ ಭೂಕಂಪದ ಅಲೆ ಕೆಸರಿನಲ್ಲಿ ನಿಧಾನವಾಗಿಯೂ ಅಡಿಯ ಬಂಡೆಯಲ್ಲಿ ವೇಗವಾಗಿಯೂ ಸಾಗುತ್ತದೆ. ಅದನ್ನು ಆಲಿಸಿ ಕೆಸರು ಎಷ್ಟು ದಪ್ಪ, ಬಂಡೆ ಎಷ್ಟು ಆಳ ಎಂದು ತಿಳಿಯುವುದೇ ಮಾಪಕದ ಕೆಲಸ. ಅದರ ಕಾಲಡಿಯಲ್ಲೇ, ಹೊಟ್ಟೆಯಡಿ ಮೊಟ್ಟೆ ಹೊತ್ತ ಏಡಿಯೊಂದು ತನ್ನ ಹಳೆಯ ಬಿಲವನ್ನು ಇನ್ನಷ್ಟು ತೋಡುತ್ತಿತ್ತು.

"ಏಡಿಯಮ್ಮ, ಬೇರೆ ಕಡೆ ಹೋಗಿ. ನಿಮ್ಮ ಕೆರೆತದಲ್ಲಿ ನನಗೆ ಭೂಮಿಯ ಸದ್ದು ಕೇಳಿಸದು," ಎಂದಿತು ಮಾಪಕ.

"ಈ ಬಿಲ ನಾನೇ ತೋಡಿದ್ದು. ನೀವು ಮೇಲಿಂದ ಬಂದು ಕೂತವರು. ಈಗ ಬಯಲಿಗೆ ಹೋದರೆ ನನ್ನ ಮೊಟ್ಟೆಗಳು ಮೀನಿನ ಪಾಲು. ನಾನು ಕದಲುವುದಿಲ್ಲ."

"ಭೂಮಿ ನಡುಗುವಾಗಲಾದರೂ ಸುಮ್ಮನಿರುತ್ತೀರಾ?"

"ನಡುಗುವಾಗ ತೋಡಿದರೆ ಬಿಲ ನನ್ನ ತಲೆಯ ಮೇಲೇ ಕುಸಿಯುತ್ತದೆ. ಆಗೆಲ್ಲ ಕಾಲು ಮಡಚಿ ಕೂತೇ ಇರುತ್ತೇನೆ. ಕೇಳುವುದೇ ಕೆಲಸವೆನ್ನುತ್ತೀರಿ, ಅಷ್ಟೂ ಗಮನಿಸಲಿಲ್ಲವೇ?"

ಅಷ್ಟರಲ್ಲಿ ದೂರದಲ್ಲೆಲ್ಲೋ ಭೂಮಿ ನಡುಗಿತು. ಏಡಿ ಕಾಲು ಮಡಚಿತು. ಕೆಸರಿನ ಅಲೆ, ಬಂಡೆಯ ಅಲೆ ಎರಡೂ ಮಾಪಕಕ್ಕೆ ಬೇರೆಬೇರೆಯಾಗಿ, ಸ್ಪಷ್ಟವಾಗಿ ಕೇಳಿಸಿದವು. ಕೊನೆಯ ಸಣ್ಣ ಅದುರು ಅಡಗುವವರೆಗೂ ಅದು ಆಲಿಸಿತು. ಬಿಲದಲ್ಲಿ ಏಡಿ ಇನ್ನೂ ಹೆದರಿ ಮುದುಡಿತ್ತು.

"ಪೂರ್ತಿ ನಿಂತಿತು, ಏಡಿಯಮ್ಮ," ಎಂದಿತು ಮಾಪಕ. "ಇನ್ನು ತೋಡಿ."