ಗಾಡಿ ಹೊಕ್ಕ ಮನೆ

ಇಲಿಯಲ್ಲ, ಅದರ ದಪ್ಪ ನೆಂಟ, ಏನದು... ಹಾಂ, ಹೆಗ್ಗಣ. ಒಂದು ಹೆಗ್ಗಣ ಮೊದಲು ತನ್ನ ಎತ್ತಿನ ಗಾಡಿಗೆಂದು ಶೆಡ್ಡು ಕಟ್ಟಿ, ಹೆಂಡತಿಯೊಡನೆ ತಾನೇ ಅದರಲ್ಲಿ ಸಂಸಾರ ಹೂಡಿತು.

“ನಾನೆಲ್ಲಿರಲಿ, ಯಜಮಾನರೇ?” ಎಂದಿತು ಹೊರಗೆ ನೆನೆಯುತ್ತಿದ್ದ ಗಾಡಿ.

“ದೊಡ್ಡ ಮನೆ ಮುಗಿಯುವ ತನಕ ತಡೆದುಕೋ.”

ಗಾಡಿಯ ಗಾಲಿ ಕೊಳೆಯತೊಡಗಿದಾಗ ಮನೆ ಮುಗಿಯಿತು. ಗೃಹಪ್ರವೇಶದಲ್ಲಿ ಮೊದಲು ಹಸು ಒಳಹೋಗಬೇಕು. ಕರೆತಂದ ಹಸು ಬಾಗಿಲಿಗಿಂತ ಎತ್ತರವಾಗಿತ್ತು, ಒಳಗೆ ಹೋಗಲಾಗಲಿಲ್ಲ.

“ಗಾಡಿಯನ್ನೇ ಮುಂದೆ ಬಿಡಿ, ಅದನ್ನು ಎಳೆಯುವುದು ಹಸುವಿನ ಮಗನೇ ತಾನೇ,” ಎಂದಿತು ಪುರೋಹಿತ ಕಾಗೆ.

ತಗ್ಗಾಗಿದ್ದ ಗಾಡಿ ಬಲಗಡೆಯ ಗಾಲಿ ಮುಂದಿಟ್ಟು ಒಳಗೆ ಬಂತು. ಹಾಲು ಉಕ್ಕಿತು. ಊಟವಾಯಿತು.

“ಇನ್ನು ಶೆಡ್ಡಿಗೆ ನಡಿ,” ಎಂದಿತು ಹೆಗ್ಗಣ.

“ಅಲ್ಲಿ ಅಮ್ಮನವರು ಮಲಗಿದ್ದಾರೆ. ಇಷ್ಟು ದೊಡ್ಡ ಮನೆಯಲ್ಲಿ ನಿದ್ದೆ ಬರುವುದಿಲ್ಲವಂತೆ,” ಎಂದಿತು ಗಾಡಿ. “ನೀವೂ ಹೋಗುವಾಗ ಬಾಗಿಲು ಎಳೆದುಕೊಳ್ಳಿ.”