ಒಂದೇ ಹೊತ್ತಿಗೆ ಎರಡು ಉಪನ್ಯಾಸ

ಹೊಳೆದಂಡೆಯ ಕ್ರೈಸ್ತ ಆಶ್ರಮದಲ್ಲಿ ಸಭಾಪಾಲಕರ, ಅಂದರೆ ಪಾಸ್ಟರುಗಳ, ಸಮ್ಮೇಳನ ನಡೆದಿತ್ತು. ಮಧ್ಯಾಹ್ನದ ಊಟವಾದ ಮೇಲೆ ಒಂದೇ ಹೊತ್ತಿಗೆ ಎರಡು ಉಪನ್ಯಾಸ. ಒಂದು ಪ್ರಾರ್ಥನಾಲಯದಲ್ಲಿ, ಇನ್ನೊಂದು ಹಿಂದಿನ ಹುಣಸೆಮರದ ಕೆಳಗೆ.

ಪ್ರಾರ್ಥನಾಲಯದಲ್ಲಿ ಮಾತಾಡುವವರು ಡಾಕ್ಟರ್ ಕುಂದರ್. ಹೀಬ್ರೂ, ಗ್ರೀಕ್ ಎರಡೂ ಬಲ್ಲವರು. ಅವರ ವಿಷಯ, ಚರ್ಚಿನಲ್ಲಿ ಹೇಳುವ ಪ್ರಸಂಗ ಕಟ್ಟುವ ಬಗೆ.

ಮರದ ಕೆಳಗೆ ಮಾತಾಡುವವನು ಜೀವರತ್ನ. ಅವನ ವಿಷಯ, ಸಭೆಯ ಜನರ ಮನೆಭೇಟಿ.

ಆಮೋಸ ಒಂದು ಸಣ್ಣ ಪೇಟೆಯ ಸಭಾಪಾಲಕ. ಅವನೂ ಜೀವರತ್ನನೂ ಎಲೀಷ ಅಯ್ಯನವರ ಶಿಷ್ಯರು, ದೈವಶಾಸ್ತ್ರ ಓದುವಾಗ ಒಂದೇ ಕೋಣೆಯಲ್ಲಿದ್ದವರು. ಮುಂದೆ ಆಮೋಸನೇ ಅವನನ್ನು ಸಹಾಯಕನಾಗಿ ತನ್ನ ಸಭೆಗೆ ಕರೆಸಿಕೊಂಡ. ಹೋದ ವರ್ಷ ಜೀವರತ್ನ ಆ ಸಭೆ ಬಿಟ್ಟ. ಅವನ ಹಿಂದೆ ಸಭೆಯ ಅರ್ಧ ಜನವೂ ಹೋದರು. ಈಗ ಅದೇ ಪೇಟೆಯ ಹಳೆಯ ಅಕ್ಕಿ ಗಿರಣಿಯ ಶೆಡ್ಡಿನಲ್ಲಿ ಅವನ ಆರಾಧನೆ. ಭಾನುವಾರ ಅಲ್ಲಿಯ ಹಾಡು ಆಮೋಸನ ಚರ್ಚಿನ ಒಳಗೂ ಕೇಳಿಸುತ್ತದೆ.

ಎಲೀಷ ಅಯ್ಯನವರು ನಿವೃತ್ತರಾದ ಮೇಲೆ ಈ ಆಶ್ರಮದಲ್ಲೇ ಇದ್ದರು. ಆಮೋಸ ಹುಡುಕಿಕೊಂಡು ಹೋದಾಗ ಜಗಲಿಯ ಮೇಲೆ ಕೂತು ಉಗುರು ತೆಗೆಯುತ್ತಿದ್ದರು.

"ಅಯ್ಯನವರೇ, ಯಾರದ್ದನ್ನು ಕೇಳಲಿ?"

"ಯಾರದ್ದನ್ನು ಕೇಳೋ ಆಸೆ ನಿನಗೆ?"

"ಕುಂದರ್ ಅವರದ್ದು."

"ಹಾಗಾದರೆ ಅಲ್ಲಿಗೆ ಹೋಗು."

ಆಮೋಸ ನಿಂತೇ ಇದ್ದ. ಜೀವರತ್ನನ ಕಡೆ ಹೋಗಬೇಡ ಅನ್ನುವ ಮಾತು ಗುರುಗಳ ಬಾಯಿಂದ ಬಂದಿದ್ದರೆ ಅವನಿಗೆ ಹಿತವಾಗುತ್ತಿತ್ತು. ಅದು ಬರಲಿಲ್ಲ. ಅಯ್ಯನವರು ಇನ್ನೊಂದು ಕೈಯ ಉಗುರಿಗೆ ಹೊರಳಿದರು.

ಕುಂದರ್ ಅವರ ಉಪನ್ಯಾಸ ಚೆನ್ನಾಗಿತ್ತು. ಒಂದೊಂದು ಮಾತೂ ತೂಕದ್ದು. ಆಮೋಸ ಪಕ್ಕದ ಕುರ್ಚಿಯ ಮೇಲೆ ಟವೆಲ್ ಹಾಕಿ ಗುರುಗಳಿಗೆ ಜಾಗ ಹಿಡಿದಿದ್ದ. ಅವರು ಬರಲೇ ಇಲ್ಲ.

ಸಂಜೆ ಚಹಾದ ಹೊತ್ತಿಗೆ ಯಾರೋ ಹೇಳಿದರು, ಎಲೀಷ ಅಯ್ಯನವರು ಹುಣಸೆಮರದ ಕೆಳಗೆ ಮುಂದಿನ ಸಾಲಿನಲ್ಲಿ ಕೂತಿದ್ದರಂತೆ. ಆಮೋಸ ಚಹಾ ಕುಡಿಯದೆ ಲೋಟ ಹಿಡಿದುಕೊಂಡೇ ಅವರ ಬಳಿ ಹೋದ.

"ನೀವು ಅವನ ಕಡೆ ಹೋಗಿದ್ರಂತೆ."

"ಹೋಗಿದ್ದೆ."

"ಅವನು ನನ್ನ ಸಭೆ ಒಡೆದವನು."

"ಗೊತ್ತು. ನಿನ್ನ ಅರ್ಧ ಜನ ಎದ್ದು ಹೋದ ಕಡೆ ಏನಿದೆ ನೋಡೋಣ ಅಂತ ಹೋದೆ."

"ಏನಿತ್ತು?"

"ನಾಳೆಯೂ ಮಾತಾಡ್ತಾನೆ" ಎಂದು ಅಯ್ಯನವರು ಎದ್ದು ತಮ್ಮ ಲೋಟ ತೊಳೆಯಲು ಹೋದರು.

ಮರುದಿನ ಆಮೋಸ ಹುಣಸೆಮರದ ಕಡೆಗೇ ಹೋದ. ಕೇಳುವುದಕ್ಕಲ್ಲ, ತಪ್ಪು ಹಿಡಿಯುವುದಕ್ಕೆ. ಕಡೆಯ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ.

ತಪ್ಪುಗಳು ಬೇಕಾದಷ್ಟಿದ್ದವು. ಜೀವರತ್ನ ಬೈಬಲ್ಲಿನ ಒಂದು ವಾಕ್ಯವನ್ನು ಹಿಂದುಮುಂದು ಮಾಡಿ ಹೇಳಿದ. ಒಂದು ಗ್ರೀಕ್ ಮಾತಿಗೆ ಇಲ್ಲದ ಅರ್ಥ ಹಚ್ಚಿದ. ಮಾತು ಎಲ್ಲಿಂದಲೋ ಹೊರಟು ಇನ್ನೆಲ್ಲೋ ಹೋಗಿ ನಿಲ್ಲುತ್ತಿತ್ತು. ಆಮೋಸನಿಗೆ ಒಳಗೊಳಗೇ ಸಮಾಧಾನವಾಗುತ್ತಾ ಬಂತು.

ಕೊನೆಗೆ ಪ್ರಶ್ನೆಗಳ ಸರದಿ. ಬಯಲುಸೀಮೆಯ ಕಡೆಯಿಂದ ಬಂದ ಹಿರಿಯ ಪಾಸ್ಟರೊಬ್ಬರು ಎದ್ದು ನಿಂತು, ಬೇರೆಯವರ ಹಿಂಡಿನ ಕುರಿಗಳನ್ನು ಕೂಡಿಸಿಕೊಂಡು ಸಭೆ ಕಟ್ಟುವುದು ನ್ಯಾಯವೇ ಎಂದು ಕೇಳಿದರು. ಆಮೋಸ ಹಿಂದೆ ಕೂತಿರುವುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರೆಲ್ಲ ತಿರುಗಿ ನೋಡಿದರು.

ಜೀವರತ್ನನೂ ನೋಡಿದ.

"ನ್ಯಾಯ ಅಂತ ನಾನು ಹೇಳೋದಿಲ್ಲ. ಆ ಜನ ನನ್ನ ಹತ್ತಿರ ಬಂದು ಒಂದು ಮಾತು ಹೇಳಿದರು. ಬಾಗಿಲು ಹಾಕೋಕೆ ನನಗೆ ಆಗಲಿಲ್ಲ."

ಆ ಮಾತು ಯಾವುದು ಎಂದು ಆ ಹಿರಿಯರು ಬಿಡದೆ ಕೇಳಿದರು.

"ಅದನ್ನು ಇಲ್ಲಿ ಹೇಳೋದಿಲ್ಲ. ಯಾರಿಗೆ ಸಂಬಂಧವೋ ಅವರು ಕೇಳಿದರೆ ಅವರಿಗೆ ಹೇಳ್ತೀನಿ."

ಆಮೋಸ ಎದ್ದು ಹೊರಟುಬಿಟ್ಟ.

ಎಲೀಷ ಅಯ್ಯನವರು ಜಗಲಿಯಲ್ಲೇ ಸಿಕ್ಕರು. ಆಮೋಸ ಒಂದೇ ಉಸಿರಿಗೆ ಎಲ್ಲ ಹೇಳಿದ. ವಾಕ್ಯ ತಪ್ಪು ಹೇಳಿದ್ದು, ಗ್ರೀಕ್ ತಪ್ಪು, ಕೊನೆಗೆ ಎಲ್ಲರ ಮುಂದೆ ತನಗೆ ಅವಮಾನ ಮಾಡಿದ್ದು. ಅಯ್ಯನವರು ಅಡ್ಡ ಬಾಯಿ ಹಾಕದೆ ಕೇಳಿದರು.

"ವಾಕ್ಯ ತಪ್ಪು ಹೇಳಿದ, ನಿಜ. ನಿನ್ನೆಯೂ ಹೇಳಿದ. ಓದುವಾಗಲೂ ಹಾಗೇ ಹೇಳ್ತಿದ್ದ. ಅದಿರಲಿ, ನಿನ್ನ ಅಷ್ಟು ಮನೆಯವರು ಬಿಟ್ಟು ಹೋದರಲ್ಲ. ಯಾಕೆ ಅಂತ ಅವರಲ್ಲಿ ಒಬ್ಬರನ್ನಾದರೂ ಕೇಳಿದೆಯಾ?"

ಅವರು ಹೋದ ಮೇಲೆ ಅವರನ್ನು ಖಂಡಿಸಿ ಆಮೋಸ ಪ್ರಸಂಗ ಮಾಡಿದ್ದ, ಅದೂ ಒಂದಲ್ಲ. ಯಾರನ್ನೂ ಕೇಳಿರಲಿಲ್ಲ.

"ನಿಮಗೆ ಗೊತ್ತಿದ್ದರೆ ನೀವೇ ಹೇಳಿ."

ಅಯ್ಯನವರು ಕೋಲು ಹಿಡಿದು ಎದ್ದರು. ಹೊಳೆಯ ಮೆಟ್ಟಿಲು ಜಾರುತ್ತದೆ, ತೋಳು ಹಿಡಿದುಕೋ ಎಂದರು. ಇಬ್ಬರೂ ನಿಧಾನವಾಗಿ ಇಳಿದರು. ಕೆಳಗೆ ಜೀವರತ್ನ ಕಲ್ಲಿನ ಮೇಲೆ ಕೂತು ಅಂಗಿ ಒಗೆಯುತ್ತಿದ್ದ. ಅವರನ್ನು ಕಂಡು ಒದ್ದೆ ಕೈಯಲ್ಲೇ ಎದ್ದು ನಿಂತ.

ಅಯ್ಯನವರು ಆಮೋಸನ ತೋಳು ಬಿಟ್ಟರು. ತಿರುಗಿ, ಒಬ್ಬರೇ ಮೆಟ್ಟಿಲು ಹತ್ತಿ ಹೋದರು. ಹತ್ತುವಾಗ ಕೋಲೊಂದೇ ಸಾಕಾಯಿತು.

ಜೀವರತ್ನ ಅಂಗಿ ಹಿಂಡಿ ಬಂಡೆಯ ಮೇಲೆ ಹರವಿದ.

"ಏನು ಹೇಳಿದರು ಅವರು, ನನ್ನನ್ನು ಬಿಟ್ಟು ಬಂದವರು?" ಎಂದು ಕೊನೆಗೆ ಆಮೋಸ ಕೇಳಿದ.

ಜೀವರತ್ನ ಮೊದಲು ಲೇಯಮ್ಮನ ವಿಷಯ ಎತ್ತಿದ. ಆಮೋಸನಿಗೆ ಗೊತ್ತಿದ್ದವಳೇ, ಬಿಟ್ಟುಹೋದವರಲ್ಲಿ ಒಬ್ಬಳು. ವಿಧವೆ, ಸಂತೆಯಲ್ಲಿ ಬಳೆ ಮಾರುವವಳು. ಒಬ್ಬನೇ ಮಗ ಲಾರಿ ಅಪಘಾತದಲ್ಲಿ ತೀರಿಹೋಗಿದ್ದ. ಆ ಸಮಾಧಿಯ ದಿನ ಆಮೋಸ ಮಾಡಿದ ಪ್ರಸಂಗಕ್ಕೆ ಹೊರಗಿನವರೂ ಕಣ್ಣೀರು ಹಾಕಿದ್ದರು. ಆಮೇಲೂ ಅವನು ಅವಳ ಮನೆಗೆ ಹೋಗಿದ್ದ, ಒಂದೆರಡು ಸಲವಲ್ಲ.

"ಹೋಗಿದ್ದೀಯ, ಲೇಯಮ್ಮನವರೂ ಇಲ್ಲ ಅನ್ನಲಿಲ್ಲ" ಎಂದ ಜೀವರತ್ನ. "ಆದರೆ ಅವರು ಬಾಯಿ ತೆರೆಯೋ ಮೊದಲೇ ನೀನು ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡ್ತಿದ್ದೆಯಂತೆ. ಪ್ರಾರ್ಥನೆ ಮುಗಿದ ಕೂಡಲೇ ಚಪ್ಪಲಿ ಹಾಕ್ಕೊಂಡು ಹೊರಡ್ತಿದ್ದೆಯಂತೆ. ಮಗ ಆ ದಿನ ಬೆಳಿಗ್ಗೆ ಅವರ ಜೊತೆ ಜಗಳ ಆಡಿ ಹೋಗಿದ್ದ. ಅದನ್ನು ಯಾರಿಗಾದರೂ ಹೇಳಬೇಕಿತ್ತು ಅವರಿಗೆ. ನಿನಗೆ ಹೇಳೋಕೆ ಎಷ್ಟೋ ಸಲ ಕಾದರಂತೆ."

ಆಮೋಸ ಮೆಟ್ಟಿಲ ಮೇಲೆ ಕೂತುಬಿಟ್ಟ.

"ಉಳಿದವರು?"

"ಉಳಿದವರದ್ದೂ ಹೆಚ್ಚುಕಡಿಮೆ ಅದೇ."

ಆಮೋಸನಿಗೆ ಲೇಯಮ್ಮನ ಮನೆಯ ಹೊಸ್ತಿಲು ನೆನಪಾಯಿತು. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಏನೋ ಹೇಳಲು ಹೊರಟಿದ್ದು ನೆನಪಾಯಿತು. ಅವಳು ಅತ್ತರೆ ಏನು ಮಾಡುವುದು ಎಂದು ಅವನಿಗೆ ತೋಚುತ್ತಿರಲಿಲ್ಲ. ಅದಕ್ಕೇ ಕಣ್ಣು ಮುಚ್ಚುತ್ತಿದ್ದ. ಅದನ್ನು ಅವನು ಜೀವರತ್ನನಿಗೆ ಹೇಳಿದ.

"ನನಗೂ ತೋಚೋದಿಲ್ಲ" ಎಂದ ಜೀವರತ್ನ. ಆಮೇಲೆ, ಗಿರಣಿ ಶೆಡ್ಡಿನಲ್ಲಿ ಎಲ್ಲ ಚೆನ್ನಾಗಿದೆ ಅಂದುಕೊಳ್ಳಬೇಡ, ನೀವು ಬರೀ ನಮ್ಮ ಮಾತು ಕೇಳ್ತೀರಿ, ಏನೂ ಕಲಿಸೋದಿಲ್ಲ ಎಂದು ಅಲ್ಲಿಯ ಜನ ತನ್ನನ್ನೂ ದೂರತೊಡಗಿದ್ದಾರೆ ಎಂದ. ಆಮೋಸನವರ ಪ್ರಸಂಗ ಹೀಗಿತ್ತು, ಹಾಗಿತ್ತು ಎಂದು ಅವನ ಎದುರಿಗೇ ಹೇಳುತ್ತಾರಂತೆ. ಆಮೋಸನಿಗೆ ನಗು ಬಂತು. ಜೀವರತ್ನನೂ ನಕ್ಕ. ಅಂಗಿ ಒಣಗುವವರೆಗೆ ಇಬ್ಬರೂ ಅಲ್ಲೇ ಕೂತಿದ್ದರು. ಸಭೆ ಮತ್ತೆ ಒಂದಾಗುವ ಮಾತನ್ನು ಇಬ್ಬರೂ ಎತ್ತಲಿಲ್ಲ.

ಸಮ್ಮೇಳನದ ಕಡೆಯ ದಿನವೂ ಒಂದೇ ಹೊತ್ತಿಗೆ ಎರಡು ಉಪನ್ಯಾಸವಿತ್ತು. ಬೆಳಿಗ್ಗೆ ತಿಂಡಿಗೆ ಮೊದಲೇ ಆಮೋಸ ಕೈಚೀಲ ಹೆಗಲಿಗೆ ಹಾಕಿಕೊಂಡು ಗುರುಗಳ ಜಗಲಿಗೆ ಬಂದ. ಮೊದಲ ಬಸ್ಸಿಗೆ ಊರಿಗೆ ಹೊರಟಿದ್ದೇನೆ, ಲೇಯಮ್ಮನ ಮನೆಗೆ ಹೋಗುತ್ತೇನೆ ಎಂದ. ಅವಳನ್ನು ತನ್ನ ಸಭೆಗೆ ವಾಪಸ್ ಕರೆಯುವುದಕ್ಕಲ್ಲ ಎಂದೂ ಹೇಳಿದ.

ಕುಂದರ್ ಅವರ ಕೊನೆಯ ಉಪನ್ಯಾಸ ತಪ್ಪಿಹೋಗುತ್ತದಲ್ಲ ಎಂದರು ಅಯ್ಯನವರು. ತಪ್ಪಲಿ ಎಂದ ಆಮೋಸ. ಆದರೂ ಹೊರಡಲಿಲ್ಲ. ಮೆಟ್ಟಿಲ ಮೇಲೆ ನಿಂತುಕೊಂಡ.

"ಅಯ್ಯನವರೇ, ಭಯ ಆಗ್ತದೆ. ಅವರು ಎಲ್ಲ ಹೇಳಿ ಮುಗಿಸಿದ ಮೇಲೆ ನಾನು ಏನಂತ ಪ್ರಾರ್ಥನೆ ಮಾಡಲಿ?"

ಅಯ್ಯನವರು ಅವನ ತಲೆಯ ಮೇಲೆ ಕೈ ಇಟ್ಟರು.

"ಈ ಸಲ ಪ್ರಾರ್ಥನೆ ಅವರು ಮಾಡಲಿ. ನೀನು ಆಮೆನ್ ಅಂದರೆ ಸಾಕು."